ಕರೆದರೆ ಬರುತ್ತಿದ್ದ ಗಿಳಿಗಳು

ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್‌ಗೆ ಬಂದ ಎರಡನೆಯ ಚಳಿಗಾಲ. ಒಂದು ಬೆಳಗ್ಗೆ ನೋಡುತ್ತೇನೆ, ಸ್ನೋ ಮೆತ್ತಿದ ಹಿತ್ತಲ ಬೇಲಿಯ ಮೇಲೆ ಹನ್ನೊಂದು ಹಸಿರು ಗಿಳಿಗಳು! ಅಯ್ಯೋ, ನನ್ನ ಕಣ್ಣೇ ಕೆಟ್ಟಿತೇ ಎಂದುಕೊಂಡೆ. ನಮ್ಮ ಕಡೆಯವಲ್ಲ; ಎದೆ ಬೂದು ಬಣ್ಣ, ಗೂಡೂ ಮರದ ಪೊಟರೆಯಲ್ಲಲ್ಲ, ಲೈಟು ಕಂಬದ ಮೇಲೆ ಕಡ್ಡಿ ಪೇರಿಸಿ ಕಟ್ಟಿದ್ದು. ದಕ್ಷಿಣ ಅಮೆರಿಕದಿಂದ ಮಾರಾಟಕ್ಕೆ ತಂದವು ನ್ಯೂಯಾರ್ಕಿನಲ್ಲಿ ತಪ್ಪಿಸಿಕೊಂಡು ಎಲ್ಲ ಕಡೆ ಹಬ್ಬುತ್ತಿವೆ ಎಂದು ಪಕ್ಕದ ಮನೆಯಾಕೆ ಮೂಗು ಮುರಿದಳು.

ನಾನು ಕಡಲೆಕಾಯಿ ಬೀಜ ಹಾಕಿದೆ. "ಬಾ ಮರಿ, ಬಾ" ಎಂದರೆ ಸಾಕು, ಹನ್ನೊಂದೂ ಹಾಜರು. ಚಳಿ ಕಳೆಯುವ ಹೊತ್ತಿಗೆ ಕೈಮೇಲೆ ಕೂರತೊಡಗಿದವು. ಗಂಡ ಕೆಲಸಕ್ಕೆ ಹೋದ ಮೇಲೆ ಬಾಯ್ತುಂಬ ಬೈಯಲು ನನಗೆ ಇನ್ನಾರಿದ್ದರು?

ಆಮೇಲೆ ಪೇಪರಿನಲ್ಲಿ ಅವುಗಳ ಚಿತ್ರ ಬಂತು. ಬೆಳೆ ಹಾಳು ಮಾಡುತ್ತವೆ, ಕಂಡವರು ಸರಕಾರಕ್ಕೆ ತಿಳಿಸಿ ಅಂತ. ಒಂದು ದಿನ ಹಿಂದಿನ ಬೀದಿಯ ಗೂಡು ಮಾಯವಾಗಿತ್ತು. ಮರುವಾರ ಶಾಲೆಯ ಹತ್ತಿರದ್ದು. ಬಿಳಿ ವ್ಯಾನೊಂದು ನಮ್ಮ ಬೀದಿಯಲ್ಲಿ ಎರಡು ಸಲ ನಿಧಾನವಾಗಿ ಹಾದುಹೋಯಿತು.

"ಇನ್ನು ಕಾಳು ಹಾಕ್ಬೇಡ ಕಣೇ," ಎಂದರು ಗಂಡ. "ಮುಂದಿನ ತಿಂಗಳು ಗ್ರೀನ್ ಕಾರ್ಡ್ ಇಂಟರ್ವ್ಯೂ ಇದೆ. ಯಾರಾದ್ರೂ ಕಂಪ್ಲೇಂಟ್ ಮಾಡಿದ್ರೆ?"

"ಗಿಳಿಗೆ ಕಡಲೆಕಾಯಿ ಹಾಕಿದ್ದಕ್ಕೆ ದೇಶ ಬಿಟ್ಟು ಓಡಿಸ್ತಾರೇನ್ರೀ?" ಎಂದು ರೇಗಿದೆ. ಅವರು ಎದ್ದು ಹೋಗಿ ಬೀದಿಯ ಕಡೆಯ ಪರದೆ ಎಳೆದರು. ಆಗ ನನಗೂ ಹೆದರಿಕೆಯಾಯಿತು.

ಶನಿವಾರ ಬೆಳಗ್ಗೆ ವ್ಯಾನು ನಮ್ಮ ಮನೆಯ ಮುಂದೆಯೇ ನಿಂತಿತು. ಸರಕಾರದ ಕಡೆಯ ಇಬ್ಬರು, ಬಹಳ ಮರ್ಯಾದಸ್ಥರು. ನೀವು ಕರೆದರೆ ಬರುತ್ತವಂತೆ, ಸ್ವಲ್ಪ ಕರೆಯುತ್ತೀರಾ ಎಂದು ಕೇಳಿದರು. ಅದರ ಬೆನ್ನಿಗೇ, ಯಾವ ದೇಶದವರು, ಬಂದು ಎಷ್ಟು ದಿನವಾಯಿತು ಎಂದೂ ಕೇಳಿದರು. ಸುಮ್ಮನೆ ಮಾತಿಗೆ ಕೇಳಿದ್ದಿರಬಹುದು. ಗಂಡನ ಮುಖ ಬಿಳಿಚಿಕೊಂಡಿತು.

"ಅವನ್ನ ಕರಿಯೇ," ಎಂದರು ಗಂಡ.

ಹಿತ್ತಲಿನಲ್ಲಿ ಬಲೆ ಹೂಡಿ ಅವರಿಬ್ಬರೂ ಗ್ಯಾರೇಜಿನ ಮರೆಗೆ ಹೋದರು. "ಬಾ ಮರಿ, ಬಾ" ಎಂದೆ. ಆದಷ್ಟು ಮೆಲ್ಲಗೇ ಕರೆದೆ. ಆದರೂ ಬಂದವು, ದಡ್ಡ ಮುಂಡೇವು. ಬಲೆ ಬಿತ್ತು. ಹತ್ತು ಸಿಕ್ಕಿಕೊಂಡು ಕಿರುಚತೊಡಗಿದವು.

ಹನ್ನೊಂದನೆಯದು ನನ್ನ ಮಣಿಕಟ್ಟಿನ ಮೇಲಿತ್ತು. ಕೈ ಕೊಡವಿದ್ದರೆ ಹಾರಿಹೋಗುತ್ತಿತ್ತು. ಅವರು ನನ್ನ ಕಡೆಗೆ ಬೆನ್ನು ಮಾಡಿ ಬಲೆ ಬಿಡಿಸುತ್ತಿದ್ದರು, ನೋಡಿರಲೂ ಇಲ್ಲ. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವರ ಬಳಿಗೆ ಹೋದೆ.

"ಸರ್, ಇದೊಂದು ಉಳಿದಿತ್ತು," ಎಂದೆ.