ಗಾಡಿ ಆಗುಂಬೆ ಹತ್ತುತ್ತಾ?

ನಮ್ಮ ಸೀಮೆಯಲ್ಲಿ ಯಾರು ಯಾವ ವಾಹನ ಕೊಂಡರೂ ಎದುರಾಗುವ ಪ್ರಶ್ನೆ ಒಂದೇ. ಆಗುಂಬೆ ಹತ್ತುತ್ತಾ? ಸಾಗರದಲ್ಲಿ ಮನೆಯಿಂದ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತರಲೆಂದು ಸ್ಕೂಟರ್ ಕೊಂಡ ನಿವೃತ್ತ ಗುಮಾಸ್ತರೊಬ್ಬರನ್ನೂ ಇದನ್ನೇ ಕೇಳಿದರು. ಅವರು ಎದೆಯುಬ್ಬಿಸಿ ಹತ್ತುತ್ತೆ ಅಂದರು. ಅವರು ಆಗುಂಬೆ ಘಾಟಿ ಕಂಡದ್ದು ಒಮ್ಮೆ ಮಾತ್ರ, ಮದುವೆ ದಿಬ್ಬಣದ ಬಸ್ಸಿನಲ್ಲಿ. ಆಗಲೂ ನಿದ್ದೆಯಲ್ಲಿದ್ದರು.

ನಾನು ಸಾಗರದ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು. ಮೆಕ್ಯಾನಿಕ್ ಆಗಿ ಸೇರಿ, ಮೆಕ್ಯಾನಿಕ್‌ಗಳನ್ನು ಬೈಯುವ ಹುದ್ದೆಯವರೆಗೆ ಏರಿದೆ. ಟೈರು, ನೀರು, ಆಯಿಲ್, ಬ್ರೇಕು, ತುಂಬಿದ ಟ್ಯಾಂಕು: ಈ ಐದನ್ನು ನೋಡದೆ ಒಂದು ಬಸ್ಸೂ ನನ್ನ ಗೇಟು ದಾಟಿದ್ದಿಲ್ಲ. ಈಗಲೂ ನಾಲ್ಕೂ ಮುಕ್ಕಾಲಿಗೆ ಏಳುತ್ತೇನೆ. ಬೆಳಗಾಗುವುದು ಆಮೇಲೆ.

ಹೊಸನಗರದಲ್ಲಿರುವ ನನ್ನ ತಂಗಿಯ ಮಗಳು ಮತ್ತು ಅವಳ ಗಂಡ ಕಾಂಕ್ರೀಟ್ ಕಲಸುವ ಯಂತ್ರ ಇಟ್ಟುಕೊಂಡಿದ್ದಾರೆ. ನಮ್ಮ ಕಡೆ ಅದಕ್ಕೆ ಮಿಲ್ಲರ್ ಎನ್ನುತ್ತಾರೆ. ಅದಕ್ಕೆ ಚಕ್ರ ಇದೆ, ಕಲಸಲು ಅದರದೇ ಡೀಸೆಲ್ ಎಂಜಿನ್ ಇದೆ. ಆದರೆ ತಾನಾಗಿ ಓಡಲಾರದು. ಯಾವುದಾದರೂ ಗಾಡಿ ಎಳೆದುಕೊಂಡು ಹೋಗಬೇಕು. ಅಷ್ಟು ದಿನ ಪಕ್ಕದ ಮನೆಯವರ ಟ್ರ್ಯಾಕ್ಟರ್ ಎಳೆಯುತ್ತಿತ್ತು. ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಟ್ರ್ಯಾಕ್ಟರ್ ಮಾರಿಬಿಟ್ಟರು. ಅದೇ ಸಮಯಕ್ಕೆ ತೀರ್ಥಹಳ್ಳಿಯ ಒಬ್ಬ ದೊಡ್ಡ ಮೇಸ್ತ್ರಿ ಇವಳಿಗೆ ಒಂದು ಸ್ಲ್ಯಾಬ್ ಹಾಕುವ ಕೆಲಸ ಹೇಳಿದ. ಹೇಳಿದ ದಿನ ಬೆಳಗ್ಗೆ ಏಳಕ್ಕೆ ಮಿಲ್ಲರ್ ಬಂದು ನಿಂತಿದ್ದರೆ ಆ ವರ್ಷದ ತನ್ನ ಎಲ್ಲ ಸ್ಲ್ಯಾಬೂ ಇವಳಿಗೇ, ಬಾರದಿದ್ದರೆ ಬೇರೆಯವರಿಗೆ. ಸ್ಲ್ಯಾಬ್ ಎಂದರೆ ಶುರು ಮಾಡಿದ ಮೇಲೆ ನಡುವೆ ನಿಲ್ಲಿಸುವ ಕೆಲಸವಲ್ಲ. ಹಾಗಾಗಿ ಮೇಸ್ತ್ರಿಯ ಮಾತಿನಲ್ಲಿ ತಪ್ಪಿರಲಿಲ್ಲ. ಮಿಲ್ಲರ್ ಬಿಟ್ಟರೆ ಆ ಮನೆಗೆ ಬೇರೆ ಆಧಾರವೂ ಇರಲಿಲ್ಲ.

ಹೀಗೆ ಪಿಕಪ್ ಕೊಳ್ಳುವ ಮಾತು ಬಂತು. ಮಾತು ಬಂತು ಎಂದ ಮೇಲೆ ಸಲಹೆಗಾರರೂ ಬಂದರು.

ಅವರಲ್ಲಿ ಮೊದಲನೆಯವನು ನಾನು, ಎರಡನೆಯವರು ಅವಳ ಗಂಡನ ಅಣ್ಣ. ಭತ್ತದ ತಳಿಯಿಂದ ಮೊಣಕಾಲು ನೋವಿನವರೆಗೆ ಅವರಿಗೆ ತಿಳಿಯದ ವಿಷಯವಿಲ್ಲ. ವಾಹನ ಓಡಿಸಲು ಮಾತ್ರ ಬರುವುದಿಲ್ಲ. ಅವಳ ಗಂಡ ಸಾಧು ಮನುಷ್ಯ. ಕೊನೆಗೆ ಯಾರು ಮಾತನಾಡಿದರೋ ಅವರದೇ ಅವನ ಅಭಿಪ್ರಾಯ.

ಸಾಗರದ ಶೋರೂಮಿನಲ್ಲಿ ಎರಡು ಪಿಕಪ್ ತೋರಿಸಿದರು. ಒಂದು ಪೆಟ್ರೋಲಿನಲ್ಲೂ ಗ್ಯಾಸಿನಲ್ಲೂ ಓಡುವುದು. ಇನ್ನೊಂದು ಡೀಸೆಲ್. ಸೇಲ್ಸಿನ ಹುಡುಗಿ ಗ್ಯಾಸ್ ಗಾಡಿಯ ಮೈಲೇಜನ್ನು ಹಾಡಿ ಹೊಗಳಿದಳು. ಗಂಡನ ಅಣ್ಣ ತಕ್ಷಣ ಗ್ಯಾಸ್ ಪಕ್ಷ ಸೇರಿದರು. ನಾನು ಡೀಸೆಲ್ ಪಕ್ಷ. ಕುದುರೆಶಕ್ತಿಯೇ ಬೇರೆ, ಎಳೆತವೇ ಬೇರೆ. ಭಾರ ಕಟ್ಟಿಕೊಂಡು ನಿಂತ ಗಾಡಿ ಮೊದಲ ಒಂದು ಅಡಿ ಮುಂದೆ ಸರಿಯಬೇಕಲ್ಲ, ಅಲ್ಲಿದೆ ಎಂಜಿನ್ನಿನ ಯೋಗ್ಯತೆ ಎಂದು ಮುಕ್ಕಾಲು ಗಂಟೆ ಹೇಳಿದೆ. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ನನ್ನ ಕಷ್ಟ ಅದೇ. ಸರಿಯಾದದ್ದನ್ನು ಹೇಳಿದ ಮೇಲೆ ಮಾಡಿದಷ್ಟೇ ತೃಪ್ತಿಯಾಗಿಬಿಡುತ್ತದೆ.

ವಾದ ಮುಗಿಯದಿದ್ದಾಗ ಗಂಡನ ಅಣ್ಣ ಆ ಪ್ರಶ್ನೆ ಎತ್ತಿದರು. ಎರಡನ್ನೂ ಆಗುಂಬೆ ಹತ್ತಿಸಿ ನೋಡೋಣ ಎಂದರು.

ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ಮಿಲ್ಲರಿಗೂ ಆಗುಂಬೆ ಘಾಟಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ನನ್ನ ತಂಗಿಯ ಮಗಳು ಮಾತ್ರ ಮೆಲ್ಲಗೆ ಹೇಳಿದಳು. "ಹತ್ತಿಸೋದಾದ್ರೆ ಮಿಲ್ಲರ್ ಕಟ್ಕೊಂಡು ಹತ್ತಿಸಿ ಮಾವ. ಖಾಲಿ ಗಾಡಿ ಎಲ್ಲಾದ್ರೂ ಹತ್ತುತ್ತೆ."

ಗಂಡನ ಅಣ್ಣ ತಲೆಯಲ್ಲಾಡಿಸಿದರು. ವರದಹಳ್ಳಿಯಲ್ಲಿ ಪೂಜೆ ಮಾಡಿಸುವ ಮೊದಲು ಹೊಸ ಗಾಡಿಗೆ ಭಾರ ಕಟ್ಟುವ ಪದ್ಧತಿ ತಮ್ಮ ಮನೆಯಲ್ಲಿಲ್ಲ ಎಂದರು. ಕೊಳ್ಳದ ಗಾಡಿಗೆ ಪೂಜೆ ಮಾಡಿಸುವಂತಿಲ್ಲ, ಪೂಜೆಯಾಗದ ಗಾಡಿಗೆ ಭಾರ ಕಟ್ಟುವಂತಿಲ್ಲ, ಭಾರ ಕಟ್ಟದೆ ಯಾವುದನ್ನು ಕೊಳ್ಳಬೇಕೆಂದು ತಿಳಿಯುವಂತಿಲ್ಲ. ಡಿಪೋದಲ್ಲಿ ಮರಳಿನ ಮೂಟೆ ಹೇರಿ ಬಸ್ಸು ಪರೀಕ್ಷಿಸುತ್ತಿದ್ದ ನಾನು ಆಗ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಘಾಟಿ ಇಳಿದ ಮೇಲೆ ಹೆಬ್ರಿಯಲ್ಲಿ ಮೀನೂಟ ಎಂದು ಅಷ್ಟರಲ್ಲಿ ತೀರ್ಮಾನವಾಗಿತ್ತು. ಹೊರಡುವ ಸಮಯ, ನಿಲ್ಲುವ ಸ್ಥಳ, ಊಟದ ಹೊತ್ತು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟವನು ನಾನೇ.

ಎರಡು ದಿನ ಎರಡು ಗಾಡಿ ಇಳಿಸಿದೆವು, ಹತ್ತಿಸಿದೆವು. ಪ್ರತಿ ತಿರುವಿನಲ್ಲೂ ಗಂಡನ ಅಣ್ಣ ಕಿವಿ ನಿಮಿರಿಸಿ ಎಂಜಿನ್ ಸದ್ದು ಕೇಳಿ, ವೈದ್ಯರಂತೆ ಹೂಂ ಎನ್ನುತ್ತಿದ್ದರು. ಎರಡೂ ಹತ್ತಿದವು. ಒಳಗೆ ಮೂರು ಜನ ಬಿಟ್ಟರೆ ಭಾರವೇ ಇಲ್ಲದ ಗಾಡಿ ಹತ್ತದೆ ಏನು ಮಾಡೀತು? ಎರಡು ದಿನದ ಪರೀಕ್ಷೆಯಿಂದ ಖಚಿತವಾದದ್ದು ಹೆಬ್ರಿಯ ಬಂಗುಡೆ ತಾಜಾ ಇದೆ ಎಂಬುದು ಮಾತ್ರ.

ಇತ್ತ ನಮ್ಮ ಹುಡುಗಿ ಸುಮ್ಮನಿರಲಿಲ್ಲ. ಅತ್ತೆ ನೋಡಬೇಕಂತೆ ಎಂದು ಹೇಳಿ ಎರಡೂ ಗಾಡಿಗಳನ್ನು ಒಂದೊಂದಾಗಿ ಹೊಸನಗರದ ಮನೆಗೇ ತರಿಸಿಕೊಂಡಳು. ಅತ್ತೆಯಿಂದ ಗಾಡಿಯ ಹಿಂದಿನ ಕೊಕ್ಕೆಗೆ ಕುಂಕುಮ ಹಚ್ಚಿಸಿ, ನಿಂಬೆಹಣ್ಣು ಕುಯ್ಯಿಸಿ, ಮಿಲ್ಲರ್ ಕಟ್ಟಿದಳು. ಮನೆಯೆದುರಿನ ಏರಿನ ನಡುವೆ ಗಾಡಿ ನಿಲ್ಲಿಸಿ, ಮತ್ತೆ ಹೊರಡಿಸಿ ನೋಡಿದಳು. ಗ್ಯಾಸ್ ಗಾಡಿ ಕಿರುಚಿತು, ಕ್ಲಚ್ ಸುಟ್ಟ ವಾಸನೆ ಬಂತು, ಒಂದು ಮೊಳ ಹಿಂದೆ ಜಾರಿತು. ಡೀಸೆಲ್ ಗಾಡಿ ಆ್ಯಕ್ಸಿಲರೇಟರ್ ತುಳಿಯುವ ಮೊದಲೇ, ಏನೋ ಮರೆತವರು ಎದ್ದು ಒಳಗೆ ಹೋಗುವಂತೆ, ಸುಮ್ಮನೆ ಮುಂದೆ ಹೋಯಿತು. ಹತ್ತು ನಿಮಿಷದ ಕೆಲಸ. ಮೀನೂಟ ಇರಲಿಲ್ಲ.

ಪೂಜೆಗೆ ಮೊದಲೇ ಭಾರ ಕಟ್ಟಿದ್ದು ತಿಳಿದು ಗಂಡನ ಅಣ್ಣ ಸಿಟ್ಟಾದರು. ಅವಳು ಉತ್ತರ ಸಿದ್ಧವಾಗಿಟ್ಟಿದ್ದಳು. "ಪೂಜೆ ಆಯ್ತಲ್ಲ ಭಾವ, ಅತ್ತೇನೇ ಮಾಡಿದ್ರು. ಬೇಕಿದ್ರೆ ಅವ್ರನ್ನೇ ಕೇಳಿ." ತಾಯಿಯನ್ನು ಕೇಳುವ ಧೈರ್ಯ ಅವರಿಗೆ ಇರಲಿಲ್ಲ.

ಆದರೂ ಮೈಲೇಜಿನ ಮಾತು ಉಳಿದಿತ್ತು. ಅವಳು ಸೇಲ್ಸಿನ ಹುಡುಗಿಯನ್ನು ಎರಡೇ ಪ್ರಶ್ನೆ ಕೇಳಿದಳು. ಮಿಲ್ಲರಿನ ಚಕ್ರ ಓಡಲು ಹುಟ್ಟಿದ್ದಲ್ಲ, ಹಿಂದೆ ಅದನ್ನು ಕಟ್ಟಿಕೊಂಡು ಎರಡನೇ ಮೂರನೇ ಗೇರಿನಲ್ಲಿ ತೆವಳುವಾಗ ಲೀಟರಿಗೆ ಎಷ್ಟು ಬರುತ್ತದೆ ಎಂಬುದು ಒಂದು. ಪುಸ್ತಿಕೆಯಲ್ಲಿ ಆ ಪುಟ ಇರಲಿಲ್ಲ. ಹೊಸ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ತಡೆಯುವ ಜರಡಿ ಇರುತ್ತದಲ್ಲ, ದಿನಾ ನಿಧಾನ ಓಡಿಸಿದರೆ ಅದು ಕಟ್ಟಿಕೊಳ್ಳುವುದಿಲ್ಲವೇ ಎಂಬುದು ಇನ್ನೊಂದು. ಕಟ್ಟಿಕೊಳ್ಳುತ್ತದೆ, ವಾರಕ್ಕೊಮ್ಮೆಯಾದರೂ ಖಾಲಿ ಗಾಡಿಯನ್ನು ಹೆದ್ದಾರಿಯಲ್ಲಿ ಜೋರಾಗಿ ಓಡಿಸಬೇಕು, ಆಗ ಮಸಿ ಸುಟ್ಟುಹೋಗುತ್ತದೆ ಎಂದು ಆ ಹುಡುಗಿ ಒಳಗೆ ಹೋಗಿ ಕೇಳಿ ಬಂದು ಹೇಳಿದಳು. ಈ ಜರಡಿಯ ಸುದ್ದಿ ನನಗೂ ಹೊಸದು. ನನ್ನ ಕಾಲದ ಬಸ್ಸುಗಳು ಮಸಿಯನ್ನು ಸಾರ್ವಜನಿಕರಿಗೆ ಹಂಚುತ್ತಿದ್ದವು. ಗೊತ್ತಿದ್ದವನಂತೆ ತಲೆಯಾಡಿಸಿದೆ.

ಆಗ ನನಗೆ ಆ ಮಹಾ ವಿಚಾರ ಹೊಳೆಯಿತು. ಮಿಲ್ಲರ್ ಕುಡಿಯುವುದೂ ಡೀಸೆಲ್ಲೇ. ಎಳೆಯುವ ಗಾಡಿಯೂ ಡೀಸೆಲ್ ಆದರೆ ಒಂದೇ ಇಂಧನ, ಒಂದೇ ಕ್ಯಾನು! ಗಂಡನ ಅಣ್ಣನೂ ಒಪ್ಪಿದರು, ಆದ್ದರಿಂದ ಗಂಡನೂ ಒಪ್ಪಿದ. ಸಾಗರದ ಹೋಟೆಲಿನಲ್ಲಿ ನಾನು ಈ ಮಾತನ್ನು ಮೂರು ಟೇಬಲ್ಲಿನವರಿಗೆ ಬೇರೆಬೇರೆಯಾಗಿ ಹೇಳಿದೆ. ಡೀಸೆಲ್ ಗಾಡಿ ಕೊಂಡದ್ದಾಯಿತು. ವರದಹಳ್ಳಿಯಲ್ಲಿ ಪೂಜೆಯೂ ಆಯಿತು.

ಸ್ಲ್ಯಾಬಿನ ಹಿಂದಿನ ದಿನವೇ ಉಸ್ತುವಾರಿಗೆಂದು ಹೊಸನಗರಕ್ಕೆ ಹೋದೆ. ಯಾರೂ ಕರೆದಿರಲಿಲ್ಲ. ಮರುದಿನ ಬೆಳಗ್ಗೆ ಎದ್ದು ಟೈರು, ನೀರು, ಆಯಿಲ್, ಬ್ರೇಕು ನೋಡಿದೆ. ಟ್ಯಾಂಕು ಅರ್ಧಕ್ಕಿಂತ ಸ್ವಲ್ಪ ಕೆಳಗಿತ್ತು. ಅಷ್ಟು ಸಾಕು, ತೀರ್ಥಹಳ್ಳಿಗೆ ಹೋಗಿಬರಲು ಧಾರಾಳ, ಅಲ್ಲೇ ಬಂಕಿನಲ್ಲಿ ಹಾಕಿಸ್ತೀನಿ ಎಂದು ಅವಳು ಹೇಳಿ ಒಳಗೆ ಬುತ್ತಿ ಕಟ್ಟಲು ಹೋದಳು. ಮೂವತ್ತೊಂದು ವರ್ಷ ಅರ್ಧ ಟ್ಯಾಂಕಿನ ಗಾಡಿ ಗೇಟು ದಾಟಿಸದವನು ನಾನು. ಗೊಂಚಲಿನಲ್ಲಿ ಟ್ಯಾಂಕಿನ ಕೀಲಿ ಇತ್ತು. ಮಿಲ್ಲರಿಗೆ ತುಂಬಿಸಿ ಉಳಿದ ಡೀಸೆಲ್ಲಿನ ಕ್ಯಾನು ಅದರ ಪಕ್ಕದಲ್ಲಿತ್ತು. ಒಂದೇ ಇಂಧನ, ಒಂದೇ ಕ್ಯಾನು. ಇದ್ದಷ್ಟನ್ನೂ ಸುರಿದೆ.

ಆ ಕ್ಯಾನಿಗೆ ಮುಚ್ಚಳವಾಗಿ ಪ್ಲಾಸ್ಟಿಕ್ ಕವರ್ ಕಟ್ಟಿದ್ದರು. ತಿಂಗಳುಗಟ್ಟಲೆ ಅದು ಜಲ್ಲಿ, ಮರಳು, ಪೈಪಿನ ನೀರಿನ ನಡುವೆಯೇ ಬದುಕಿತ್ತು. ಮಿಲ್ಲರಿನ ಹಳೆಯ ಎಂಜಿನ್ ಏನು ಕೊಟ್ಟರೂ ಕುಡಿದು ಗುಡುಗುಡು ಎನ್ನುತ್ತದೆ. ಹೊಸ ಪಿಕಪ್ಪಿನದು ಆ ಜಾತಿಯ ಹೊಟ್ಟೆಯಲ್ಲ.

ಅರ್ಧ ದಾರಿಯಲ್ಲಿ ಹಳದಿ ದೀಪ ಹತ್ತಿತು. ಗಾಡಿ ಬಿಕ್ಕಳಿಸಿತು. ಓಡಿಸುತ್ತಿದ್ದವಳು ಅವಳೇ. ತಕ್ಷಣ ಪಕ್ಕಕ್ಕೆ ತಂದು ನಿಲ್ಲಿಸಿ ಎಂಜಿನ್ ಆರಿಸಿದಳು. ಗಂಡನಿಗೆ ಎರಡರ ಚಕ್ರಕ್ಕೂ ಕಲ್ಲು ಕೊಡಲು ಹೇಳಿ ನನ್ನ ಕಡೆ ತಿರುಗಿದಳು.

"ಮಾವ, ಟ್ಯಾಂಕಿಗೆ ಏನಾದ್ರೂ ಹಾಕಿದ್ರಾ?"

ಡಿಪೋದ ನಿಯಮ, ಅದರ ಹಿಂದಿನ ಕಾರಣ, ದಾರಿಯಲ್ಲಿ ಡೀಸೆಲ್ ಮುಗಿದ ಬಸ್ಸುಗಳ ಕತೆ ಇವನ್ನೆಲ್ಲ ನಾನು ಹೇಳತೊಡಗಿದೆ.

"ಹಾಕಿದ್ರಾ, ಇಲ್ವಾ?"

"ಹಾಕಿದೆ."

ಅವಳು ಬುತ್ತಿಯ ಚೀಲದಿಂದ ನೀರಿನ ಬಾಟಲಿ ತೆಗೆದು ಖಾಲಿ ಮಾಡಿ, ಡೀಸೆಲ್ ಸೋಸುವ ಫಿಲ್ಟರಿನ ಕೆಳಗೆ ಹಿಡಿದು ತಿರುಪು ಸಡಿಲಿಸಿದಳು. ತುಂಬಿದ ಬಾಟಲಿಯನ್ನು ಬೆಳಕಿಗೆ ಹಿಡಿದು ನನ್ನ ಮುಖದ ಮುಂದೆ ತಂದಳು. ಕೆಳಗೆ ನೀರು, ಮೇಲೆ ಡೀಸೆಲ್, ನಡುವೆ ಗೆರೆ ಎಳೆದಂತೆ ಸ್ಪಷ್ಟ. ಈ ಕೆಲಸ ನನ್ನ ಕೈಕೆಳಗಿನವನು ಮಾಡಿದ್ದರೆ ಅದೇ ದಿನ ಮೆಮೊ ಕೊಡುತ್ತಿದ್ದೆ. ಕೈಪಂಪು ಒತ್ತಿ ಡೀಸೆಲ್ ಪೈಪಿನಲ್ಲಿ ಸೇರಿದ ಗಾಳಿ ತೆಗೆಯುತ್ತೇನೆ ಎಂದು ಕೈ ಚಾಚಿದೆ. "ನೀವು ಕೂತಿರಿ ಮಾವ" ಎಂದಳು. ಕೂತೆ.

ಗಾಡಿ ಹೊರಟಿತು. ಮುಂದೆ ಮತ್ತೆರಡು ಸಲ ನಿಲ್ಲಿಸಿ ನೀರು ಇಳಿಸಬೇಕಾಯಿತು. ನಿಂತಾಗಲೆಲ್ಲ ಏರಿನಲ್ಲೇ ನಿಲ್ಲುತ್ತಿತ್ತು, ಒಂದೂವರೆ ಟನ್ ಹಿಂದೆ ನೇತಾಡುತ್ತಿತ್ತು. ಪ್ರತಿ ಸಲವೂ ಮೊದಲ ಒಂದು ಅಡಿಯನ್ನು ಆ ಎಂಜಿನ್ ತಕರಾರಿಲ್ಲದೆ ಎಳೆಯಿತು. ಶೋರೂಮಿನಲ್ಲಿ ನಾನು ಹೇಳಿದ್ದು ಸರಿ ಎಂದು ಸಾಬೀತಾಗುತ್ತಿತ್ತು. ಅದನ್ನು ಜ್ಞಾಪಿಸಲು ಸಮಯ ಪ್ರಶಸ್ತವೆನಿಸಲಿಲ್ಲ.

ತೀರ್ಥಹಳ್ಳಿ ಮುಟ್ಟಿದಾಗ ಏಳೂ ಹತ್ತು. ಕಬ್ಬಿಣ ಕಟ್ಟಿದ ಮಾಡಿನ ಕೆಳಗೆ ಇಪ್ಪತ್ತು ಆಳುಗಳು ಬಾಂಡ್ಲಿ ಹಿಡಿದು ನಿಂತಿದ್ದರು. ಮೇಸ್ತ್ರಿಯ ಕೈಯಲ್ಲಿ ಫೋನಿತ್ತು. ಬೇರೆ ಮಿಲ್ಲರಿನವನಿಗೆ ಮಾಡಲಿದ್ದನೋ, ಮಾಡಿಯಾಗಿತ್ತೋ, ತಿಳಿಯದು.

"ಏಳು ಅಂದಿದ್ದೆ" ಎಂದ.

"ಹೌದು. ನಮ್ಮ ಮಾವ ಬಸ್ ಡಿಪೋದವ್ರು" ಎಂದಳು ಅವಳು, ಆಗಲೇ ಕೊಕ್ಕೆಯ ಪಿನ್ನು ಕೀಳುತ್ತ. "ಚೆಕಿಂಗ್ ಸ್ವಲ್ಪ ಜಾಸ್ತಿ ಆಯ್ತು."

ಮೇಸ್ತ್ರಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ನನ್ನ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಡೀಸೆಲ್ ಕಲೆ ಇತ್ತು. ಫೋನು ಜೇಬಿಗೆ ಹಾಕಿ, ಜಲ್ಲಿ ಹಾಕ್ರೋ ಎಂದು ಆಳುಗಳಿಗೆ ಹೇಳಿದ. ಮಧ್ಯಾಹ್ನ ಎರಡರವರೆಗೆ ಮಿಲ್ಲರ್ ಒಂದು ಕ್ಷಣ ನಿಲ್ಲಲಿಲ್ಲ. ಮುಗಿದ ಮೇಲೆ ಮೇಸ್ತ್ರಿ ಮುಂದಿನ ಸ್ಲ್ಯಾಬಿನ ದಿನವನ್ನು ಅವಳ ಗಂಡನಿಗೆ ಹೇಳಲು ಹೋದ. ಅವನು ಅವಳನ್ನೇ ಕೇಳಿ ಎಂದ. ಅವನದೇ ಆದ ಅಭಿಪ್ರಾಯವನ್ನು ನಾನು ಕೇಳಿದ್ದು ಅದೊಂದೇ ಸಲ. ಸಂಜೆ ಗಂಡನ ಅಣ್ಣ ಫೋನು ಮಾಡಿ, ದಾರಿಯ ಏರೆಲ್ಲ ಹತ್ತಿತಾ ಎಂದು ವಿಚಾರಿಸಿದರು. ಆಗುಂಬೆಯಲ್ಲಿ ತಾವು ಪರೀಕ್ಷೆ ಮಾಡಿಸಿದ್ದು ಒಳ್ಳೆಯದಾಯಿತು ಎಂದರು.

ಈಗ ಪ್ರತಿ ಭಾನುವಾರ ಆ ಪಿಕಪ್ ಖಾಲಿಯಾಗಿ, ಜೋರಾಗಿ ಓಡಿ ಸಾಗರಕ್ಕೆ ಬರುತ್ತದೆ. ಬಂದದ್ದು ಗಾಡಿಯ ಮಸಿ ಸುಡಲಿಕ್ಕೆ, ನಿಮ್ಮನ್ನು ನೋಡಲಿಕ್ಕಲ್ಲ ಎಂದು ಅವಳು ಪ್ರತಿ ಸಲವೂ ಹೇಳುತ್ತಾಳೆ. ಹೇಳಿ, ಕಾಫಿ ಕುಡಿಯಲು ಕೂರುತ್ತಾಳೆ. ಹೊರಡುವ ಮೊದಲು ನಾನು ಟೈರು, ನೀರು, ಆಯಿಲ್, ಬ್ರೇಕು ನೋಡುತ್ತೇನೆ. ಅವಳು ಅಡ್ಡಿ ಮಾಡುವುದಿಲ್ಲ. ಗೊಂಚಲಿನಲ್ಲಿ ಈಗ ಟ್ಯಾಂಕಿನ ಕೀಲಿ ಇಲ್ಲ. ಅದು ಅವಳ ಸೊಂಟದಲ್ಲಿರುತ್ತದೆ.