ಅಂಗಡಿಯಮ್ಮನ ತೋಟದ ವಾರಸುದಾರ

ಕಳೆದ ಬುಧವಾರ ನಮ್ಮ ಹೋಬಳಿಯ ನಾಡಕಚೇರಿ ಗೋಡೆಗೆ ಒಂದು ಪ್ರಕಟಣೆ ಅಂಟಿಸಿದರು. ಮೃತ ಮಹಿಳೆಯೊಬ್ಬರ ಹೆಸರಿನಲ್ಲಿರುವ ಎರಡು ಎಕರೆ ತೆಂಗಿನ ತೋಟದ ಖಾತೆಯನ್ನು ತನ್ನ ಹೆಸರಿಗೆ ಮಾಡಿಕೊಡಬೇಕೆಂದು ಅವರ ಮಗ ಅರ್ಜಿ ಹಾಕಿದ್ದಾನೆ, ತಕರಾರಿದ್ದವರು ಮೂವತ್ತು ದಿನದೊಳಗೆ ತಿಳಿಸಬೇಕು ಎಂದಿತ್ತು. ಆ ಮಹಿಳೆಯ ಕೊಲೆ ಪ್ರಕರಣದ ಏಕೈಕ ಆರೋಪಿಯೂ ಆ ಮಗನೇ. ಪ್ರಕಟಣೆಯಲ್ಲಿ ಅದು ಇರಲಿಲ್ಲ. ಅರ್ಜಿಯಲ್ಲಿ ಅಂಥ ಕಾಲಂ ಇಲ್ಲ.

ಕಾಗದದ ಅಂಚಿನಲ್ಲಿ ಮೈದಾ ಅಂಟು ಇನ್ನೂ ಹಸಿಯಾಗಿತ್ತು. ಆ ಹುಳಿ ವಾಸನೆ ಮೂಗಿಗೆ ಬಡಿಯುತ್ತಲೇ ನಮ್ಮ ಶಾಲೆಯ ಎದುರಿನ ಅವರ ಅಂಗಡಿ ನೆನಪಾಯಿತು...

ಅವರನ್ನು ನಾವೆಲ್ಲ ಅಂಗಡಿಯಮ್ಮ ಎನ್ನುತ್ತಿದ್ದೆವು. ಗಂಡ ಬೇಗ ತೀರಿಕೊಂಡಿದ್ದರು. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಮೈದಾ ಅಂಟು ಕಾಯಿಸಿ, ಹಳೇ ಪೇಪರಿನಲ್ಲಿ ಪೊಟ್ಟಣ ಅಂಟಿಸುತ್ತಾ ಕೂರುತ್ತಿದ್ದರು. ನಾನು ವರದಿಗಾರನಾದ ಮೇಲೆ ಅದೇ ಅವರ ತಮಾಷೆ. “ನೀನ್ ಬರ್ದಿದ್ದೆಲ್ಲಾ ಕೊನೆಗೆ ನನ್ ಕಡ್ಲೇಬೀಜಕ್ಕೇ ಕಣ್ಲಾ ಬರಾದು. ಒಸಿ ದೊಡ್ಡದಾಗಿ ಬರಿ, ಪೊಟ್ಟಣ ಗಟ್ಟಿಯಾಗ್ತದೆ” ಎನ್ನುತ್ತಿದ್ದರು.

ಅವರಿಗೆ ಒಬ್ಬ ಮಗ, ಒಬ್ಬಳು ಮಗಳು. ನಮ್ಮ ಕಡೆ ಹೆಣ್ಣುಮಕ್ಕಳು ಒಂದು ಸೀರೆ, ಅರಿಶಿನ ಕುಂಕುಮ ತೆಗೆದುಕೊಂಡು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ರೂಢಿ. ಅಂಗಡಿಯಮ್ಮ ಅದಕ್ಕೆ ಒಪ್ಪಲಿಲ್ಲ. “ಇಬ್ರೂ ಇದೇ ಹೊಟ್ಟೇಲಿ ಹುಟ್ಟಿರಾದು. ಅವ್ಳಿಗೆ ಸೀರೆ, ಅವ್ನಿಗೆ ತೋಟ ಅಂದ್ರೆ ಯಾವ್ ಸೀಮೆ ನ್ಯಾಯ ಕಣಪ್ಪ?” ಎಂದು ಕೇಳಿದ್ದರು. ತೋಟವನ್ನು ಇಬ್ಬರಿಗೂ ಸಮನಾಗಿ ಬರೆಯಲು ಎರಡು ವರ್ಷದ ಹಿಂದೆ ಒಂದು ಸೋಮವಾರ ಗೊತ್ತುಮಾಡಿದ್ದರು. ಅದರ ಹಿಂದಿನ ಶನಿವಾರವೇ ಸತ್ತರು.

ನಾನು ಹೋದಾಗ ಹೆಣ ಅಟ್ಟದ ಏಣಿಯ ಬುಡದಲ್ಲಿತ್ತು. “ಕೊಬ್ರಿ ಇಳ್ಸಕ್ಕೆ ಅಂತ ಹತ್ತಿದ್ರು ಸಾರ್. ಏಣಿ ಜಾರ್ಬುಡ್ತು” ಎಂದ ಮಗ. ಅಟ್ಟದಿಂದ ಬಿದ್ದು ಸಾಯುವವರು ಈ ಕಡೆ ಇದ್ದೇ ಇರುತ್ತಾರೆ. ನಾನು ನಾಲ್ಕು ಸಾಲು ಬರೆದೆ: ಕೊಬ್ಬರಿ ಇಳಿಸುವಾಗ ಬಿದ್ದು ಮಹಿಳೆ ಸಾವು.

ಮಾರನೆಯ ಬೆಳಿಗ್ಗೆ ಟೀ ಅಂಗಡಿಯಲ್ಲಿ, ಅವರ ಮನೆಗೆ ಕಾಯಿ ಸುಲಿಯಲು ಬರುತ್ತಿದ್ದ ಆಳು ಪೇಪರನ್ನು ನನ್ನ ಮುಂದೆ ಹಿಡಿದ.

“ಏನ್ ಸಾ ಇದು? ಆ ಅಟ್ಟಕ್ಕೆ ಕಾಯಿ ತುಂಬಿದೋನು ನಾನು. ಇನ್ನೂ ಎರಡು ತಿಂಗ್ಳಾಗಿಲ್ಲ. ಅಲ್ಲಾಡ್ಸಿದ್ರೆ ನೀರು ಕುಲುಕ್ತದೆ. ಎಲ್ಲಿತ್ತು ಸಾ ಕೊಬ್ರಿ, ಇಳ್ಸಕ್ಕೆ?”

ಅಟ್ಟಕ್ಕೆ ಏರಿಸಿದ ಕಾಯಿಯನ್ನು ವರ್ಷದ ಹತ್ತಿರ ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನಬೇಕು. ತಿಪಟೂರು ಸೀಮೆಯಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತಿರುವ ಸಂಗತಿ. ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡು, ಅಟ್ಟದ ಕಡೆ ತಲೆಯೆತ್ತಿಯೂ ನೋಡದಿದ್ದ ಮಗನಿಗೆ ಅದು ಹೊಳೆದಿರಲಿಲ್ಲ. ನನಗೆ ಹೊಳೆಯಬೇಕಿತ್ತು.

ಇಬ್ಬರೂ ಠಾಣೆಗೆ ಹೋಗಿ ಹೇಳಿಕೆ ಕೊಟ್ಟೆವು. ತಲೆಯ ಹಿಂದಿನ ಪೆಟ್ಟುಗಳು ಬಿದ್ದು ಆದವಲ್ಲ ಎಂದು ಶವಪರೀಕ್ಷೆಯ ವರದಿ ಹೇಳಿತು. ಮಗ ಎಂಟು ತಿಂಗಳು ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದ. ಅಷ್ಟು ಹೊತ್ತಿಗೆ ಅಟ್ಟದ ಕಾಯಿ ಒಣಗುತ್ತಾ ಬಂದಿತ್ತು. ಇನ್ನೆರಡು ತಿಂಗಳು ಕಾದು ಇಳಿಸಿ, ಕೊಬ್ಬರಿ ಮಾಡಿ ಮಾರಿಕೊಂಡ. ಈ ಸಲ ಅವನ ಲೆಕ್ಕ ತಪ್ಪಲಿಲ್ಲ.

ಕೊಂದವನು ಕೊಲೆಯಾದವರ ಆಸ್ತಿಗೆ ವಾರಸುದಾರನಾಗಲಾರ ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ಆದರೆ ಕೊಂದದ್ದು ಸಾಬೀತಾಗಬೇಕು. ವಿಚಾರಣೆ ನಡೆಯುತ್ತಿದೆ, ಅವನು ಆರೋಪ ಒಪ್ಪಿಲ್ಲ. ಹಾಗಾಗಿ ನಾನೂ ಅವನನ್ನು ಆರೋಪಿ ಎಂದೇ ಬರೆಯುತ್ತೇನೆ. ಬರೆಯುವಾಗ ಪ್ರತಿ ಸಲವೂ ಬಾಯಿ ಕಹಿಯಾಗುತ್ತದೆ.

ಅದಕ್ಕಿಂತ ಹೇಸಿಗೆ ಹುಟ್ಟಿಸಿದ್ದು ಊರಿನ ಹಿರಿಯರ ರಾಜಿ ಪಂಚಾಯಿತಿ. ಪ್ರಕಟಣೆ ಅಂಟಿಸಿದ ಮಾರನೆಯ ದಿನ ಮಗಳನ್ನು ಅವಳ ಗಂಡನ ಊರಿನಿಂದ ಕರೆಸಿದ್ದರು. ನಾನೂ ಹೋಗಿ ಕೂತಿದ್ದೆ. ಎಲ್ಲರಿಗೂ ಕಾಫಿ ಬಂತು. ಮಗ ಗೋಡೆಗೆ ಒರಗಿ ಮೊಬೈಲ್ ನೋಡುತ್ತಿದ್ದ.

“ಹೋದೋರು ಹೋದ್ರು ಕಣವ್ವ, ವಾಪಸ್ ಬತ್ತಾರಾ?” ಎಂದರು ಒಬ್ಬ ಹಿರಿಯರು. “ಅರ್ಧ ತೋಟ ಕೊಡ್ತೀನಿ ಅಂತಾವ್ನೆ. ಇಸ್ಕೊಂಡು ಸುಮ್ಕಿರು. ಕೋರ್ಟ್‌ನಾಗೆ ಅಣ್ಣನ್ ಮೇಲೆ ಹೇಳಬ್ಯಾಡ.”

ಮಗಳು ಕಾಫಿ ಲೋಟವನ್ನು ಕೆಳಗಿಟ್ಟಳು.

“ನಮ್ಮವ್ವ ಕೊಡ್ತೀನಿ ಅಂದಿದ್ದೂ ಅರ್ಧಾನೇ ಅಲ್ವಾ ದೊಡ್ಡಪ್ಪ? ಅದನ್ನ ತಪ್ಸಕ್ಕೇ ತಾನೇ ಅವ್ಳನ್ನ ಹೊಡೆದಿದ್ದು? ಈಗ ಅದೇ ಅರ್ಧ ನನ್ ಬಾಯಿಗೆ ತುರುಕ್ತೀರಾ?”

ಮಗ ತಲೆಯೆತ್ತದೆ, “ನೋಡ್ದ್ರಾ, ಇವ್ಳ ಬಾಯಿ ಯಾವಾಗ್ಲೂ ಇಂಗೇಯ” ಎಂದ. ಒಬ್ಬಿಬ್ಬರು ನಕ್ಕರು. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ...

ಅಂಗಡಿಯಮ್ಮನಿಗಾಗಿ ಆ ದಿನ ಅಲ್ಲಿ ಮಗಳನ್ನು ಬಿಟ್ಟು ಯಾರೂ ಒಂದು ಮಾತೂ ಆಡಲಿಲ್ಲ. ಅವರನ್ನು ನೆನೆಯುವವರು ಶಾಲೆ ಬಿಟ್ಟು ಎಷ್ಟೋ ವರ್ಷವಾದ ನಮ್ಮಂಥವರು. ಅಂಗಡಿಯ ಬಾಗಿಲಿಗೆ ಎರಡು ವರ್ಷದಿಂದ ಬೀಗ.

ಮಗಳು ಶುಕ್ರವಾರ ಲಿಖಿತ ತಕರಾರು ಸಲ್ಲಿಸಿದಳು. ಖಾತೆ ಬದಲಾವಣೆಗೆ ತಡೆ ಬಿದ್ದಿದೆ. ತೋಟ ಮಾತ್ರ ಮಗನ ಸ್ವಾಧೀನದಲ್ಲೇ ಇದೆ. ನಿನ್ನೆ ಬೆಳಿಗ್ಗೆ ಅವನು ಆಳುಗಳನ್ನು ಕರೆದುಕೊಂಡು ಹೋಗಿ ಕಾಯಿ ಕೆಡವಿಸಿದ. ಮಗಳು ಬೇಲಿಯಾಚೆ ರಸ್ತೆಯಲ್ಲಿ ನಿಂತು, ಟ್ರ್ಯಾಕ್ಟರ್ ಹೊರಡುವವರೆಗೂ ನೋಡಿದಳು.