ಎಡಹೋಳಿನ ತಗ್ಗು

ನಾನು ಹಾಕಿದ ತೇಪೆಯನ್ನು ಪತ್ತೆ ಹಚ್ಚುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಬಿರುಕು ಬಿಟ್ಟ ಮೇಜಿಗೆ ಮರದ ಪುಡಿ, ಅಂಟು ಕಲಸಿ ಮೆತ್ತಿ ನಾನು ಪಾಲಿಶ್ ಹೊಡೆದರೆ, ತಾನು ಬಿರಿದಿದ್ದೆ ಎನ್ನುವುದು ಆ ಮೇಜಿಗೇ ಮರೆತುಹೋಗುತ್ತದೆ. ಹೊಳಪಿನ ಮಾತಂತೂ ಕೇಳಬೇಡಿ. ನೊಣಗಳು ಸಾಲಾಗಿ ಬಂದು ಮುಖ ನೋಡಿಕೊಂಡು ಹೋಗುತ್ತವೆ. ನಲವತ್ತು ವರ್ಷ ಬೆಳೆಸಿದ ಈ ಜಂಬವನ್ನು ಇಳಿಸಿದವರು ನಮ್ಮ ಅತ್ತಿಗೆ. ಈ ಬರಹ ಅವರದು. ನಡುವೆ ನಾನು ಬರುವುದು ತಪ್ಪಿತಸ್ಥನಾಗಿ ಮಾತ್ರ.

ಅತ್ತಿಗೆ ಮಾತಿನಲ್ಲಿ ಮಹಾ ಜಿಪುಣಿ. ಈ ಮನೆಗೆ ಬಂದ ಮೊದಲ ವರ್ಷ ಆಡಿದ ಮಾತನ್ನೆಲ್ಲ ಬೆಂಕಿಪೊಟ್ಟಣಕ್ಕೆ ತುಂಬಿದ್ದರೆ ಕಡ್ಡಿಗಳಿಗೂ ಜಾಗ ಉಳಿಯುತ್ತಿತ್ತು. ಮರ ಕೆತ್ತುತ್ತಿದ್ದ ಅಣ್ಣನ ಕಣ್ಣು ಮಂಜಾದಾಗ, "ಉಳಿಗಳನ್ನ ಮಾರಿಬಿಡೋಣ" ಅಂದೆ ನಾನು. ಮರುದಿನ ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಅಣ್ಣನ ಬೆಂಚಿನ ಮುಂದೆ ಕೂತು ಉಳಿ ಮಸೆಯುತ್ತಿದ್ದರು. ಮೊದಲು ಚಾಕುವಿನ ಹಿಡಿ, ಆಮೇಲೆ ಗರಗಸದ ಹಿಡಿ. ಕೊನೆಗೆ ಬೀದಿಯ ತುದಿಯ ಬಂದೂಕು ರಿಪೇರಿಯವನು ರಿವಾಲ್ವರಿನ ಹಿಡಿ ಬೇಕೆಂದವರನ್ನೆಲ್ಲ ಇವರ ಹತ್ತಿರವೇ ಅಟ್ಟತೊಡಗಿದ. ಅವರು ಕೆತ್ತುವುದು, ನಾನು ಪಾಲಿಶ್ ಹೊಡೆಯುವುದು, ಅಣ್ಣ ಕಿಟಕಿ ಪಕ್ಕ ಕೂತು ಇಬ್ಬರಲ್ಲೂ ತಪ್ಪು ಹುಡುಕುವುದು. ಸಂಸಾರ ಹೀಗೆ ಸಾಗಿತ್ತು.

ಒಂದು ದಿನ ಬ್ಯಾಂಕಿನ ಗಾರ್ಡ್ ಬಂದ. ಐವತ್ತಾರು ವಯಸ್ಸು, ಬೆರಳ ಗಿಣ್ಣುಗಳು ಶುಂಠಿಯ ಹಾಗೆ ಊದಿದ್ದವು. ವರ್ಷಕ್ಕೊಮ್ಮೆ ಅವನಿಗೆ ಪರೀಕ್ಷೆ: ಆರು ಗುಂಡು ಹೊಡೆದು, ಮತ್ತೆ ಆರು ತುಂಬಿ ಹೊಡೆಯಬೇಕು, ಅರ್ಧ ನಿಮಿಷದೊಳಗೆ. ಒಂದೊಂದೇ ಗುಂಡು ಹಾಕಲು ಆ ಬೆರಳುಗಳು ಒಪ್ಪುತ್ತಿರಲಿಲ್ಲ.

"ಇದನ್ನ ಬಳಸಬಹುದು ಅಂದಿದಾರಮ್ಮ," ಎಂದು ಜೇಬಿನಿಂದ ಸ್ಪೀಡ್‌ಲೋಡರ್ ತೆಗೆದ. ಆರು ಗುಂಡುಗಳನ್ನು ದುಂಡಗೆ ಕಚ್ಚಿಕೊಂಡಿರುವ ಬಿರಡೆಯಂಥ ಸಾಮಾನು. ರಿವಾಲ್ವರಿನ ಗುಂಡು ತುಂಬುವ ಸಿಲಿಂಡರನ್ನು ಎಡಕ್ಕೆ ಹೊರಳಿಸಿ, ಇದನ್ನು ಹಿಂದಿನಿಂದ ಕೂರಿಸಿ ತಿರುಪಿದರೆ ಆರೂ ಒಟ್ಟಿಗೆ ಇಳಿಯುತ್ತವೆ. "ಆದ್ರೆ ಹಿಡಿ ದಪ್ಪ, ಅಡ್ಡ ಬರುತ್ತೆ. ಈ ಸಲ ಫೇಲಾದ್ರೆ ಮನೆಗೆ ಕಳಿಸ್ತಾರೆ."

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ನಾನು ಟೀ ಅಂಗಡಿಯಲ್ಲಿ ನೊಣಗಳ ಕಥೆ ಹೇಳುತ್ತಿದ್ದೆ.

ಅತ್ತಿಗೆಯ ಕೆಲಸದ ರೀತಿಯೇ ಬೇರೆ. ಲೋಡರಿಗೆ ಮದ್ದಿಲ್ಲದ ಪೊಳ್ಳು ಗುಂಡು ಸಿಕ್ಕಿಸಿ, ಅದರ ಅಂಚಿಗೆ ದೀಪದ ಮಸಿ ಸವರಿ ಸಿಲಿಂಡರಿಗೆ ಕೂರಿಸುವರು. ಹೊಸದಾಗಿ ಕೆತ್ತಿದ ಹಿಡಿಯ ಮೇಲೆ ಎಲ್ಲಿ ಮಸಿ ಹತ್ತಿತೋ ಅಲ್ಲಿ ಒಂದಿಷ್ಟು ಹೆರೆಯುವರು. ಮತ್ತೆ ಮಸಿ, ಮತ್ತೆ ಹೆರೆತ. ಎಲ್ಲೂ ಮಸಿ ಹತ್ತದೆ ಲೋಡರ್ ಜಾರಿ ಕೂತಾಗ, ಹಿಡಿಯ ಎರಡು ಹೋಳುಗಳಲ್ಲಿ ಎಡಹೋಳಿನ ಮೇಲ್ತುದಿಯಲ್ಲಿ ಹೆಬ್ಬೆರಳಗಲದ ತಗ್ಗು ಬಿದ್ದಿತ್ತು. ಬಲಹೋಳು ತುಂಬಿಕೊಂಡೇ ಇತ್ತು. ಎರಡನ್ನೂ ಪಾಲಿಶಿಗೆಂದು ನನ್ನ ಮುಂದಿಟ್ಟು, ಅಣ್ಣನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದರು.

ನಾನು ನೋಡಿದೆ. ಒಂದು ದುಂಡಗೆ, ಒಂದು ಕಚ್ಚಿದ ಹಾಗೆ. ಅಯ್ಯೋ ಪಾಪ, ಅತ್ತಿಗೆಯ ಉಳಿ ಜಾರಿದೆ! ಅವರು ಬರುವವರೆಗೆ ಕಾದು ಕೇಳಬಹುದಿತ್ತು. ಆದರೆ ಇನ್ನೊಬ್ಬರ ಮಾನ ಉಳಿಸುವ ಸುಖ ಕೇಳುವುದರಲ್ಲಿ ಎಲ್ಲಿದೆ? ಪುಡಿ ಕಲಸಿದೆ, ಮೆತ್ತಿದೆ, ಉಜ್ಜಿದೆ, ನಾಲ್ಕು ಕೈ ಪಾಲಿಶ್ ಹೊಡೆದೆ. ಸಂಜೆ ಗಾರ್ಡ್ ಬಂದಾಗ ನಾನೇ ತಿರುಪು ಬಿಗಿದು ಕೊಟ್ಟೆ. ಅತ್ತಿಗೆಯ ಕೆಲಸವೆಂದು ಅವನು ತಿರುಗಿಸಿಯೂ ನೋಡಲಿಲ್ಲ. ಮರುದಿನವೇ ಪರೀಕ್ಷೆ.

ಮೂರನೆಯ ದಿನ ಬಂದ. "ಲೋಡರ್ ಓರೆಯಾಗಿ ಸಿಕ್ಕಿಕೊಳ್ತಮ್ಮ. ಗುಂಡು ಕಾಲ ಮೇಲೆ ಬಿದ್ವು. ಎಲ್ಲರೂ ನೋಡ್ತಿದ್ರು. ನಿಮ್ಮನ್ನ ನಂಬಿ ಕೆಟ್ಟೆ."

ಅತ್ತಿಗೆ ಮಸಿ ಸವರಿ ನೋಡಿದರು. ನನ್ನ ತೇಪೆಯ ನಟ್ಟನಡುವೆ ಕಪ್ಪು ಗೆರೆ. ಅದರ ಮೇಲೆ ಹೆಬ್ಬೆರಳಿಟ್ಟು ಸವರಿದರು. ನಾನು ಕುರ್ಚಿಯ ಕಾಲು ಉಜ್ಜುತ್ತಿದ್ದೆ, ಇನ್ನು ಸ್ವಲ್ಪ ಉಜ್ಜಿದ್ದರೆ ಅದು ಮಣೆಯಾಗುತ್ತಿತ್ತು.

"ತಪ್ಪು ನಮ್ಮದೇ," ಅಂದರು ಅತ್ತಿಗೆ. "ಇನ್ನೊಂದು ಅವಕಾಶ ಇದೆಯಾ?"

"ಹನ್ನೆರಡು ದಿನಕ್ಕೆ. ಅದೇ ಕೊನೇದು."

ಕಿಟಕಿಯಿಂದ ಅಣ್ಣ, "ಉಳಿ ನನ್ನ ಕೈಲಿದ್ದಾಗ ಹೀಗೆ ಯಾವತ್ತೂ ಆಗಿರಲಿಲ್ಲ," ಅಂದ. ಅತ್ತಿಗೆ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ಅವರದು ತಾಳ್ಮೆ, ನನ್ನದು ಹೇಡಿತನ.

ಅತ್ತಿಗೆ ತಗ್ಗನ್ನು ಆವತ್ತೇ ಮತ್ತೆ ಕೊರೆದುಕೊಟ್ಟರು. ಆದರೂ ನನ್ನ ನೊಣಗಳ ಕಥೆ ನಿಂತುಹೋಯಿತು. ನಾನು ಸುಮ್ಮನಿರುವುದನ್ನು ಕಂಡು ಟೀ ಅಂಗಡಿಯವನು ಜ್ವರದ ಮಾತ್ರೆ ಕೊಟ್ಟ. ಹನ್ನೊಂದನೆಯ ದಿನ ಗಾರ್ಡ್ ಮತ್ತೆ ಬಂದು ರಿವಾಲ್ವರ್ ಬೆಂಚಿನ ಮೇಲಿಟ್ಟ.

"ಹಳೇ ಹಿಡೀನೇ ಹಾಕ್ಕೊಡಿ. ಲೋಡರ್ ಹತ್ರ ಹೋದ್ರೆ ಈಗಲೂ ಸಿಕ್ಕಿಕೊಳ್ಳುತ್ತೆ ಅಂತ ಕೈ ತಾನೇ ನಿಲ್ಲುತ್ತೆ. ಹೇಗೂ ಹೋಗೋ ಕೆಲಸ."

ಇನ್ನು ತಡೆಯಲಾಗಲಿಲ್ಲ. "ಅಯ್ಯಾ, ಹಿಡಿ ಮೊದಲೇ ಸರಿಯಾಗಿತ್ತು," ಎಂದೆ. "ತಗ್ಗು ತುಂಬಿ ಕೆಡಿಸಿದೋನು ನಾನು. ಅತ್ತಿಗೆಯ ಕೈ ತಪ್ಪಿಲ್ಲ."

ಕಿಟಕಿಯಲ್ಲಿ ಅಣ್ಣ ಕೆಮ್ಮಿ ಮುಖ ಆಚೆ ತಿರುಗಿಸಿದ. ಗಾರ್ಡ್ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದ. ಆಮೇಲೆ ಪೊಳ್ಳು ಗುಂಡಿನ ಲೋಡರ್ ಎತ್ತಿಕೊಂಡ. ಠಕ್ ಎಂದು ಕೂತಿತು. ಇನ್ನೊಮ್ಮೆ. ಇಪ್ಪತ್ತು ಸಲ ಕೂರಿಸಿ, ಅದೇ ಹಿಡಿಯ ರಿವಾಲ್ವರ್ ಎತ್ತಿಕೊಂಡು ಹೊರಟುಹೋದ. ಮರುದಿನ ಪಾಸಾದ, ಐದು ಸೆಕೆಂಡ್ ಉಳಿಸಿ. ಬಂದು ಅತ್ತಿಗೆಗೆ ಕೈಮುಗಿದ. ನನ್ನ ಕಡೆ ನೋಡಲಿಲ್ಲ, ಅದು ನ್ಯಾಯವೇ.

ಅವನು ಹೋದ ಮೇಲೆ ಕೇಳಿದೆ: "ಅತ್ತಿಗೆ, ನಿಮಗೆ ಯಾವಾಗ ಗೊತ್ತಾಯ್ತು?"

"ಹೆಬ್ಬೆರಳಿಟ್ಟಾಗಲೇ."

"ಮತ್ತೆ ಅಣ್ಣ ಅಷ್ಟು ಅಂದಾಗಲೂ ಸುಮ್ಮನಿದ್ರಲ್ಲ?"

ಅವರು ಉಳಿಯ ಮೇಲಿನ ಹೊಟ್ಟು ಊದಿದರು. "ಮರದ ತೇಪೆ ನಾನು ಕಿತ್ತೆ, ಬಾಯಿಗೆ ಹಾಕ್ಕೊಂಡ ತೇಪೆನ ಹಾಕ್ಕೊಂಡೋನೇ ಕೀಳ್ಲಿ ಅಂತ ಕಾದೆ. ಹನ್ನೊಂದು ದಿನ ತಗೊಂಡ್ಯಲ್ಲೋ! ನಿನ್ನ ಅಂಟಿಗಿಂತ ನಿನ್ನ ಮುಚ್ಚಿದ ಬಾಯೇ ಗಟ್ಟಿ ಕಣಪ್ಪ."